ಅಪ್‌ಡೇಟ್: ಟೈಮಿಂಗ್ ಚೈನ್ ಬದಲಿಸಿದ ಮೇಲಿನ ನಡುಕ ನಿಂತಿತು

ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಕ್ಯಾಮ್‌ಶಾಫ್ಟ್ (ಕವಾಟಗಳನ್ನು ತೆರೆಯುವ ದಂಡ) ಜೊತೆಯಾಗಿ ತಿರುಗುವಂತೆ ಮಾಡುವ ಟೈಮಿಂಗ್ ಚೈನನ್ನು ಹೊಸದಾಗಿ ಹಾಕಿದ ಮೇಲೆ ನನ್ನ ಪೆಟ್ರೋಲ್ ಕಾರಿನ ಎಂಜಿನ್ ನಡುಗುತ್ತಿದ್ದು, ಆ ಎರಡು ದಂಡಗಳ ಸ್ಥಾನ ಹೊಂದುತ್ತಿಲ್ಲವೆಂಬ ಪಿ0016 ದೋಷ ಕೋಡ್ ಬರುತ್ತಿದೆಯೆಂದು ಕೇಳಿದ್ದೆ. ಸೆನ್ಸರ್ ಬದಲಿಸುವ ಮೊದಲು ಮುಂಭಾಗದ ಕವರ್ ಬಿಚ್ಚಿ ನೋಡಿರೆಂದು ಸಲಹೆ ಕೊಟ್ಟವರಿಗೆ ನಾನು ಋಣಿ.

ಇನ್‌ಟೇಕ್ ಕ್ಯಾಮ್‌ಶಾಫ್ಟ್ (ಗಾಳಿ ಒಳಬಿಡುವ ಕವಾಟಗಳದ್ದು) ಒಂದು ಹಲ್ಲು ಹಿಂದಿತ್ತು. ಅದರ ಚಕ್ರದಲ್ಲಿ 36 ಹಲ್ಲುಗಳಿರುವುದರಿಂದ ಒಂದು ಹಲ್ಲಿನ ತಪ್ಪೆಂದರೆ ಕ್ಯಾಮ್‌ನಲ್ಲಿ 10 ಡಿಗ್ರಿ, ಕ್ರ್ಯಾಂಕ್‌ನಲ್ಲಿ 20 ಡಿಗ್ರಿ. ಕವಾಟಗಳು ಪಿಸ್ಟನ್‌ಗೆ ತಗಲದೆ ಉಳಿದದ್ದು ನನ್ನ ಪುಣ್ಯ. ಚೈನನ್ನು ಬಿಗಿಗೊಳಿಸುವ ಟೆನ್ಷನರ್ ಅನ್ನು ತಡೆದಿಡುವ ಪಿನ್ ತೆಗೆಯುವ ಮುನ್ನ ಚೈನ್‌ನ ಸಡಿಲವನ್ನೆಲ್ಲ ಟೆನ್ಷನರ್ ಇರುವ ಬದಿಗೇ ತಂದುಕೊಳ್ಳಬೇಕಿತ್ತು. ನಾನು ಅದನ್ನು ಎದುರು ಬದಿಯಲ್ಲೇ ಉಳಿಸಿದ್ದರಿಂದ, ಪಿನ್ ತೆಗೆದೊಡನೆ ಚೈನ್ ಬಿಗಿಯಾಗಿ ಕ್ಯಾಮ್ ಜಾಗ ತಪ್ಪಿತ್ತು.

ಈ ಬಾರಿ ಒಂದನೇ ಸಿಲಿಂಡರಿನ ಪಿಸ್ಟನ್ನನ್ನು ಮೇಲ್ತುದಿಗೆ ತಂದು, ಚೈನ್‌ನ ಬಣ್ಣದ ಕೊಂಡಿಗಳನ್ನು ಚಕ್ರಗಳ ಗುರುತುಗಳಿಗೆ ಹೊಂದಿಸಿ, ಸ್ಪಾರ್ಕ್ ಪ್ಲಗ್‌ಗಳನ್ನು ಕಳಚಿ, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಿದೆ. ಎಲ್ಲಿಯೂ ತಡೆ ಸಿಗಲಿಲ್ಲ. ಆಗ ಬಣ್ಣದ ಕೊಂಡಿಗಳು ಗುರುತಿಗೆ ಮರಳದಿದ್ದುದನ್ನು ಕಂಡು ಗಾಬರಿಯಾಯಿತು, ಆದರೆ ಅವು ಜೋಡಿಸುವಾಗಿನ ನೆರವಿಗಷ್ಟೇ. ಚಕ್ರಗಳ ಗುರುತುಗಳು ಮತ್ತೆ ಕೂಡಿದವೇ ಎಂಬುದನ್ನು ನೋಡಬೇಕು. ಅವು ಕೂಡಿದವು.

ಕೋಡ್ ಅಳಿಸಿ ಒಂದು ವಾರ ಓಡಿಸಿದ್ದೇನೆ. ಅದು ಮರಳಿಲ್ಲ, ಐಡಲ್ (ಕಾರು ನಿಂತಾಗಿನ ಎಂಜಿನ್ ಓಟ) ಸಮವಾಗಿದೆ.