ಉಪಕೇಂದ್ರದ ಬಿಪಿ ತಪಾಸಣೆ: ರಿಜಿಸ್ಟರ್ ತುಂಬಾ 130/80, 140/90 ಯಾಕೆ?

ಪ್ರಶ್ನೆ: 30 ದಾಟಿದವರ ಬಿಪಿ, ಶುಗರ್ ತಪಾಸಣೆ ನಡೆಯುತ್ತಿದೆ. ಆದರೆ ಬಿಪಿ ಅಂಕಿಗಳೆಲ್ಲ ಸೊನ್ನೆಗೇ ಮುಗಿಯುತ್ತಿವೆ. ಹೆಚ್ಚಿದೆ ಎಂದು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕಳಿಸಿದವರಲ್ಲಿ ಹಲವರಿಗೆ ಅಲ್ಲಿ ನಾರ್ಮಲ್ ಬರುತ್ತಿದೆ. ಎಲ್ಲಿಂದ ಸರಿಪಡಿಸೋಣ?

ಉತ್ತರ 1: ಮೊದಲು ಕಫ್ (ತೋಳಿಗೆ ಸುತ್ತುವ ಪಟ್ಟಿ) ನೋಡಿ. ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಶೇ 80ರಷ್ಟಾದರೂ ಸುತ್ತಬೇಕು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ದೊಡ್ಡ ಕಫ್ ಒಂದು ಇರಲೇಬೇಕು. ನಡೆದು ಬಂದವರನ್ನು 5 ನಿಮಿಷ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಮೇಜಿನ ಮೇಲೆ ಎದೆಮಟ್ಟಕ್ಕೆ. ತೋಳು ಜೋತುಬಿದ್ದರೂ ಮಾತಾಡುತ್ತಿದ್ದರೂ ಅಂಕಿ ಏರುತ್ತದೆ. ಕಾಫಿ, ಬೀಡಿ, ತಂಬಾಕು ಆಗಿ ಅರ್ಧ ಗಂಟೆ ಕಳೆದಿರಲಿ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡದೆ ಯಾರನ್ನೂ ರೆಫರ್ ಮಾಡಬೇಡಿ. ಜನಸಂದಣಿಯಲ್ಲಿ ಮೊದಲು ಕೈಬಿಡುವುದೇ ಇದನ್ನು.

ಉತ್ತರ 2: ಡಯಲ್ ಉಪಕರಣದಲ್ಲಿ ಗೆರೆಗಳು 2 ಮಿ.ಮೀ.ಗೊಂದು (ಮಿ.ಮೀ. ಎಂದರೆ ಬಿಪಿ ಅಳೆಯುವ ಪಾದರಸದ ಮಿಲಿಮೀಟರ್). ಸರಿಯಾಗಿ ಓದಿದರೆ ಸೊನ್ನೆಗೆ ಮುಗಿಯುವುದು ಸುಮಾರು ಐದರಲ್ಲೊಂದು ಮಾತ್ರ. ಗಾಳಿಯನ್ನು ಸೆಕೆಂಡಿಗೆ 2 ಮಿ.ಮೀ.ನಂತೆ ಇಳಿಸಿ, ಬೇಗ ಬಿಟ್ಟರೆ ಮೇಲಿನ ಅಂಕಿ ಕಡಿಮೆ ಬಂದು ನಿಜವಾದ ರೋಗಿಯೇ ತಪ್ಪಿಹೋಗುತ್ತಾನೆ. ಡಿಜಿಟಲ್ ಆದರೆ ಪರದೆಯಲ್ಲಿದ್ದದ್ದನ್ನೇ ಬರೆಯಿರಿ: 137 ಎಂದರೆ 137. 140 ಎಂದು ದುಂಡಗೆ ಮಾಡಿದರೆ ಆರೋಗ್ಯವಂತರು ರೆಫರಲ್ ಪಟ್ಟಿಗೆ ಸೇರುತ್ತಾರೆ.

ಉತ್ತರ 3: ಶುಗರ್‌ಗೂ ಒಂದು ಮಾತು. ಮಾವು, ಬೆಲ್ಲ ಮುಟ್ಟಿದ ಬೆರಳಾದರೆ ಸೋಪಿನಿಂದ ತೊಳೆದು ಒರೆಸಿಯೇ ಚುಚ್ಚಿ. ರಕ್ತದ ಹನಿ ಹಾಕುವ ಸ್ಟ್ರಿಪ್‌ಗಳ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ಮಳೆಗಾಲದ ತೇವಕ್ಕೆ ಕೆಡುತ್ತವೆ.