ಮಂಡ್ಯದಿಂದ ಧಾರವಾಡಕ್ಕೆ ಕಾರಲ್ಲಿ ಪುಕ್ಕಲು ಬೆಕ್ಕು: ಹೇಗೆ ಕರ್ಕೊಂಡು ಹೋಗೋದು?

ಬೆಲ್ಲದ ಅಮ್ಮ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮನೆಯವರಿಗೆ ಧಾರವಾಡಕ್ಕೆ ವರ್ಗ ಆಗಿದೆ. ಇನ್ನು ಐದು ವಾರಕ್ಕೆ ಮನೆ ಖಾಲಿ ಮಾಡಬೇಕು. ಸಾಮಾನು ಲಾರಿಗೆ ಹೇರಿದ್ರೆ ಮುಗೀತು. ಆದ್ರೆ ಬೆಲ್ಲನ್ನ ಹೇಗೆ ಕರ್ಕೊಂಡು ಹೋಗೋದು ಅಂತ ಎರಡು ರಾತ್ರಿಯಿಂದ ನಿದ್ದೆ ಇಲ್ಲ.

ಬೆಲ್ಲ ನಮ್ಮ ಬೆಕ್ಕು, ನಾಲ್ಕು ವರ್ಷದ ಹೆಣ್ಣು. ನಮ್ಮಪ್ಪನ ಊರಿನ ಆಲೆಮನೇಲಿ ಕಬ್ಬಿನ ಸಿಪ್ಪೆ ರಾಶಿ ಒಳಗೆ ಸಿಕ್ಕಿದ ಮರಿ. ಮೈಬಣ್ಣ ಥೇಟ್ ಅಚ್ಚುಬೆಲ್ಲ, ಅದಕ್ಕೇ ಆ ಹೆಸರು. ಕುಕ್ಕರ್ ಕೂಗಿದ್ರೆ ಮಂಚದ ಕೆಳಗೆ, ಗ್ಯಾಸ್‌ನವನು ಬೆಲ್ ಒತ್ತಿದ್ರೆ ಬೀರು ಹಿಂದೆ. ಆರು ತಿಂಗಳ ಮರಿ ಇದ್ದಾಗ ಆಪರೇಷನ್ ಮಾಡಿಸೋಕೆ ಜಿಪ್ ಇರೋ ಬಟ್ಟೆ ಬ್ಯಾಗಲ್ಲಿ ಮೈಸೂರಿಗೆ ಕರ್ಕೊಂಡು ಹೋಗಿದ್ವಿ. ಬರೀ 45 ಕಿಲೋಮೀಟರ್. ಶ್ರೀರಂಗಪಟ್ಟಣ ಬರೋದ್ರೊಳಗೆ ವಾಂತಿ, ಮೂತ್ರ, ನಾಯಿ ಥರ ಬಾಯಿ ತೆರೆದು ಏದುಸಿರು. ಕೊನೆಗೆ ಜಿಪ್ ಕಿತ್ತು ಹೊರಗೆ ಬಂದು ಬ್ರೇಕ್ ಪೆಡಲ್ ಹತ್ರ ನುಗ್ಗಿಬಿಟ್ಟಳು. ದೇವರು ದೊಡ್ಡವನು, ಹಿಂದೆ ಲಾರಿ ಇರಲಿಲ್ಲ. ಅವತ್ತಿಂದ ಯಾವ ಬ್ಯಾಗ್ ಕಂಡ್ರೂ ಮಾಯ.

ಈಗ 450 ಕಿಲೋಮೀಟರ್, ಎಂಟೊಂಬತ್ತು ಗಂಟೆ ದಾರಿ. ನಮ್ಮತ್ತೆ "ಬೆಕ್ಕು ಮನೆಗೆ ಹೊಂದ್ಕೊಳ್ಳುತ್ತೆ, ಜನಕ್ಕಲ್ಲ, ಊರಲ್ಲೇ ಬಿಟ್ಟುಹೋಗು" ಅಂತಾರೆ. ನಂಗೆ ಆಗಲ್ಲ. ರಾತ್ರಿ ನನ್ನ ಕಾಲ ಹತ್ರಾನೇ ಮಲಗ್ತಾಳೆ. ಪಕ್ಕದ ಮನೆಯವರು ಅವರ ನಿದ್ದೆ ಮಾತ್ರೇಲಿ ಕಾಲು ಭಾಗ ಮುರಿದು ಕೊಡಿ ಅಂದ್ರು. ಕೊಡಬಹುದಾ? ದೂರ ಕರ್ಕೊಂಡು ಹೋಗಿರೋರು ದಯವಿಟ್ಟು ಹೇಳಿ.

ಕುವೆಂಪುನಗರ, ಮೈಸೂರು

ಓದಿ ಸುಮ್ಮನಿರೋಕೆ ಆಗಲಿಲ್ಲ. ಎಲ್ಲಕ್ಕಿಂತ ಮೊದಲು ಒಂದು ಮಾತು: ದಾರೀಲಿ ಬೆಕ್ಕಿನ ಪೆಟ್ಟಿಗೆ ಬಾಗಿಲು ತೆಗೀಬೇಡಿ. ಎಷ್ಟೇ ಕೂಗಲಿ, ಎಷ್ಟೇ ಕರುಳು ಕಿವುಚಲಿ.

ನಮ್ಮ ಚುಕ್ಕೀನ ಹಾಗೇ ಕಳ್ಕೊಂಡ್ವಿ. ಮಗಳ ಬಾಣಂತನಕ್ಕೆ ದಾವಣಗೆರೆಗೆ ಹೊರಟಿದ್ವಿ. ಮೂರು ತಿಂಗಳು ಅಲ್ಲೇ ಇರಬೇಕಿತ್ತು, ಅದಕ್ಕೆ ಅವಳನ್ನೂ ಕರ್ಕೊಂಡಿದ್ವಿ. ಹಿರಿಯೂರು ಹತ್ರ ಒಂದು ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿದಾಗ, ಪಾಪ ಬಾಯಾರಿರುತ್ತೆ ಅಂತ ನಾನೇ ಪೆಟ್ಟಿಗೆ ತೆಗೆದು ನೀರಿನ ಬಟ್ಟಲು ಇಟ್ಟೆ. ಯಜಮಾನರು ಅದೇ ಹೊತ್ತಿಗೆ ಈ ಕಡೆ ಡೋರ್ ತೆಗೆದ್ರು. ಲಾರಿಯೊಂದು ಹಾರನ್ ಹೊಡೀತು. ಅಷ್ಟೇ, ತೆಂಗಿನ ತೋಟದೊಳಗೆ ಓಡಿದ್ದು ಬಾಲ ಮಾತ್ರ ಕಾಣ್ತು. ಎರಡು ಹಗಲು ಎರಡು ರಾತ್ರಿ ಬ್ಯಾಟರಿ ಹಿಡ್ಕೊಂಡು ಕರೆದ್ವಿ. ತೋಟದವರೂ ಹುಡುಕಿದ್ರು. ಸಿಗಲಿಲ್ಲ. ಆರು ವರ್ಷ ಆಯ್ತು. ಆ ದಾರೀಲಿ ಹೋದಾಗೆಲ್ಲ ಈಗಲೂ ಕಾರು ನಿಧಾನ ಮಾಡಿಸ್ತೀನಿ.

ಈಗಿರೋ ಸಿದ್ದನ್ನ ಮೂರು ಸಲ ದಾವಣಗೆರೆಗೆ ಕರ್ಕೊಂಡು ಹೋಗಿ ಬಂದಿದ್ದೀವಿ. ಅವನೂ ಪುಕ್ಕಲನೇ. ನಾನು ಮಾಡಿದ್ದು ಇಷ್ಟು. ಬಟ್ಟೆ ಬ್ಯಾಗ್ ಎಸೆದು, ಮೇಲಿನ ಅರ್ಧ ಬಿಚ್ಚೋಕೆ ಬರೋ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ತಂದೆ. ಮೊದಲ ವಾರ ಕೆಳಗಿನ ಅರ್ಧ ಮಾತ್ರ ಹಾಲ್‌ನಲ್ಲಿಟ್ಟೆ, ಒಳಗೆ ನನ್ನ ಹಳೇ ಕಾಟನ್ ಸೀರೆ. ಆ ಸೀರೆ ಒಗೆಯಲೇ ಇಲ್ಲ. ಬೆಕ್ಕು ಕೆನ್ನೆ ಉಜ್ಜಿ ಉಜ್ಜಿ ತನ್ನ ವಾಸನೆ ಹಚ್ಚಿರುತ್ತೆ, ಆ ವಾಸನೆ ಇದ್ದ ಕಡೆ ಅದಕ್ಕೆ ಧೈರ್ಯ. ಊಟದ ತಟ್ಟೆ ದಿನಕ್ಕೊಂದು ಗೇಣು ಪೆಟ್ಟಿಗೆ ಕಡೆ ಸರಿಸಿದೆ. ಒಳಗೇ ಹೋಗಿ ತಿನ್ನೋಕೆ ಶುರು ಮಾಡಿದ ಮೇಲೆ ಮುಚ್ಚಳ, ಆಮೇಲೆ ಬಾಗಿಲು. ಬಾಗಿಲು ಹಾಕಿದ್ದು ಮೊದಲ ದಿನ ಒಂದೇ ನಿಮಿಷ.

ಆಮೇಲೆ ಕಾರು. ಎರಡು ದಿನ ಎಂಜಿನ್ ಆನ್ ಮಾಡದೆ ಸುಮ್ಮನೆ ಕೂತ್ವಿ. ಮೂರನೇ ದಿನ ಎಂಜಿನ್ ಹಾಕಿ ಐದು ನಿಮಿಷ. ನಮಗೆ 20 ಸಾವಿರ ಹರ್ಟ್ಜ್ (ಅಂದ್ರೆ ಸೆಕೆಂಡಿಗೆ ಅಷ್ಟು ಕಂಪನ) ದಾಟಿದ ಕೀರಲು ಸದ್ದು ಕೇಳಲ್ಲ, ಬೆಕ್ಕಿಗೆ 60 ಸಾವಿರ ದಾಟಿದ್ದೂ ಕೇಳುತ್ತೆ. ನಮಗೆ ಗೊತ್ತೇ ಆಗದ ಎಷ್ಟು ಸದ್ದು ಅದರ ಕಿವಿಗೆ ಬೀಳ್ತಿರುತ್ತೋ ಯೋಚನೆ ಮಾಡಿ. ಆಮೇಲೆ ವಿವೇಕಾನಂದ ಸರ್ಕಲ್‌ವರೆಗೆ ಒಂದು ಸುತ್ತು, ಇನ್ನೊಂದು ವಾರಕ್ಕೆ ನಂಜನಗೂಡು. ಪ್ರತಿ ಸಲ ವಾಪಸ್ ಬಂದ ತಕ್ಷಣ ಅವನಿಗಿಷ್ಟದ ಬೇಯಿಸಿದ ಮೀನು. ಮುಳ್ಳು ಬಿಡಿಸಿ.

ನಿಮಗೆ ಐದು ವಾರ ಇದೆ. ಸಾಕು, ಆದ್ರೆ ಇವತ್ತೇ ಶುರು ಮಾಡಿ. ಪೆಟ್ಟಿಗೇನ ತೊಡೆ ಮೇಲೆ ಇಟ್ಕೋಬೇಡಿ. ಮುಂದಿನ ಸೀಟಿನ ಹಿಂದೆ ನೆಲದ ಮೇಲೆ ಜರುಗದ ಹಾಗೆ ಕೂರಿಸಿ, ಗಾಳಿ ಆಡೋ ಹಾಗೆ ಮೂರು ಕಡೆ ತೆಳು ಬಟ್ಟೆ ಹೊದಿಸಿ. ಡ್ಯಾಶ್‌ಬೋರ್ಡ್ ಮೇಲಿನ ಸೆಂಟು ಬಾಟಲಿ ತೆಗೀರಿ. ಒದ್ದೆ ಬಟ್ಟೆ ಬದಲಿಸೋಕೆ ಬಾಗಿಲು ತೆಗೆಯಲೇಬೇಕು ಅನ್ನೋ ಹಾಗಾದ್ರೆ ಎಲ್ಲ ಗಾಜು ಏರಿಸಿ, ಡೋರ್ ಲಾಕ್ ಮಾಡಿ, ಯಾರೂ ಇಳಿಯಲ್ಲ ಅಂತ ಬಾಯಿಬಿಟ್ಟು ಹೇಳಿಕೊಂಡು ತೆಗೀರಿ. ಬೆಕ್ಕಿಗೆ ಎದೆಪಟ್ಟಿ (ಹಾರ್ನೆಸ್) ಹಾಕಿ ಅದರ ಹಗ್ಗ ನಿಮ್ಮ ಮಣಿಕಟ್ಟಿಗೆ ಸುತ್ತಿರಲಿ.

ಗಾಡಿ ಓಡಿಸೋನು, ಪಾಂಡವಪುರ

ಅಕ್ಕಾ, ನಾಗಮಂಗಲ, ಹುಳಿಯಾರು ಮೇಲೆ ಹೋದ್ರೆ ದೂರ ಕಮ್ಮಿ ಅನ್ಸುತ್ತೆ, ಆದ್ರೆ ಊರೂರಿಗೂ ಹಂಪ್ಸು. ಪ್ರತಿ ಹಂಪ್ಸಿಗೂ ನಿಮ್ಮ ಬೆಕ್ಕು ಎಗರಿ ಬೀಳುತ್ತೆ. ಮದ್ದೂರು, ಕುಣಿಗಲ್ ಮೇಲೆ ತುಮಕೂರಿಗೆ ಹೋಗಿ ಹೆದ್ದಾರಿ ಹಿಡೀರಿ. ಅಲ್ಲಿಂದ ಹುಬ್ಬಳ್ಳಿವರೆಗೆ ಒಂದೇ ಸಮ ಓಡುತ್ತೆ. ಬೆಳಿಗ್ಗೆ ನಾಲ್ಕಕ್ಕೆ ಬಿಡಿ, ಬಿಸಿಲೇರೋ ಹೊತ್ತಿಗೆ ಚಿತ್ರದುರ್ಗ ದಾಟಿರ್ತೀರಿ. ಬ್ರೇಕು, ತಿರುವು ಎರಡೂ ಮೆತ್ತಗಿರಲಿ.

ಪಶುವೈದ್ಯೆ, ಮೈಸೂರು

ಮನುಷ್ಯರ ನಿದ್ದೆ ಮಾತ್ರೆ ಖಂಡಿತ ಬೇಡ, ಕಾಲು ಭಾಗವೂ ಬೇಡ. ಜ್ವರ ಅಂತ ಪ್ಯಾರಾಸಿಟಮಾಲ್ ಕೊಡೋದಂತೂ ವಿಷ ಕೊಟ್ಟ ಹಾಗೆ. ಬೆಕ್ಕಿನ ಯಕೃತ್ತಿಗೆ ಅದನ್ನ ನಿಭಾಯಿಸೋ ಶಕ್ತಿ ಇಲ್ಲ, ಒಂದು ಮಾತ್ರೆಗೇ ಜೀವ ಹೋಗಬಹುದು.

ಪ್ರಯಾಣದ ಭಯಕ್ಕೆ ಬೆಕ್ಕುಗಳಿಗೆ ನಾವು ಸಾಮಾನ್ಯವಾಗಿ ಗ್ಯಾಬಪೆಂಟಿನ್ ಬರೀತೀವಿ, ಹೊರಡೋಕೆ ಸುಮಾರು ಎರಡು ಗಂಟೆ ಮೊದಲು ಕೊಡೋದು. ಡೋಸ್ ತೂಕ ನೋಡಿ ನಿರ್ಧಾರ ಆಗಬೇಕು, ಕಿಡ್ನಿ ತೊಂದರೆ ಇದ್ರೆ ಕಡಿಮೆ ಮಾಡಬೇಕು. ಹಾಗಾಗಿ ಇಲ್ಲಿ ನಾನು ಮಿಲಿಗ್ರಾಂ ಬರೆಯಲ್ಲ, ನಿಮ್ಮ ವೈದ್ಯರಿಗೆ ತೋರಿಸಿ. ಮನೇಲಿರೋ ಒಂದು ದಿನ ಮೊದಲು ಕೊಟ್ಟು ನೋಡಿ. ಸ್ವಲ್ಪ ತೂರಾಡ್ತಾಳೆ, ಎತ್ತರಕ್ಕೆ ಹಾರೋಕೆ ಬಿಡಬೇಡಿ. ವಾಂತಿಗೆ ಮಾರೋಪಿಟೆಂಟ್ ಇದೆ, ಅದನ್ನೂ ಕೇಳಿ.

ಹೊರಡೋ ಮುಂಚೆ ನಾಲ್ಕರಿಂದ ಆರು ಗಂಟೆ ಹೊತ್ತು ಊಟ ಬೇಡ, ನೀರು ಇರಲಿ. ಬಾಯಿ ತೆರೆದು ಏದುಸಿರು ಬಿಡೋದು ಬೆಕ್ಕಿಗೆ ಸಹಜ ಅಲ್ಲ, ಅತಿಯಾದ ಭಯ ಇಲ್ಲವೇ ಸೆಕೆ. ಎಸಿ ಹೆಚ್ಚು ಮಾಡಿ, ನಿಲ್ಲಿಸಿ ನೋಡಿ. ಕೆಲವು ನಿಮಿಷದಲ್ಲಿ ಇಳಿಯದಿದ್ರೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ತಿಂಡಿಗೆ ಅಂತ ಅವಳೊಬ್ಬಳನ್ನೇ ಕಾರಲ್ಲಿ ಬಿಟ್ಟು ಇಳಿಯಬೇಡಿ. ಹೊರಗೆ 32 ಡಿಗ್ರಿ ಇದ್ರೆ ಎಸಿ ಇಲ್ಲದೆ ನಿಂತ ಕಾರೊಳಗೆ ಹತ್ತೇ ನಿಮಿಷಕ್ಕೆ 40ರ ಆಸುಪಾಸು.

ಧಾರವಾಡದಲ್ಲಿ ಮೊದಲು ಒಂದೇ ರೂಮು ಕೊಡಿ, ಇಡೀ ಮನೆ ಅಲ್ಲ. ಎರಡು ದಿನ ಏನೂ ತಿನ್ನದಿದ್ರೆ ಕಾಯಬೇಡಿ. ಉಪವಾಸ ಇದ್ದ ಬೆಕ್ಕಿನ ಯಕೃತ್ತಲ್ಲಿ ಕೊಬ್ಬು ತುಂಬಿಕೊಳ್ಳುತ್ತೆ.

ಬೆಲ್ಲದ ಅಮ್ಮ, ಈಗ ಧಾರವಾಡ

ಬಂದು ಮುಟ್ಟಿದ್ವಿ. ನಿಮಗೆಲ್ಲ ಹೇಳದೆ ಇರೋಕಾಗಲ್ಲ.

ಪೆಟ್ಟಿಗೆ ಒಳಗೆ ತಾನಾಗೇ ಹೋಗಿದ್ದು ಒಂಬತ್ತನೇ ದಿನ. ಖುಷಿಗೆ ಅತ್ತುಬಿಟ್ಟೆ. ಅಭ್ಯಾಸಕ್ಕೆ ಮೊದಲು ಮಂಡ್ಯದೊಳಗೇ ಸಕ್ಕರೆ ಕಾರ್ಖಾನೆ ಸುತ್ತು ಹಾಕಿಸಿದ್ವಿ. ಆಮೇಲೆ ಮದ್ದೂರಿಗೆ ಎರಡು ಸಲ. ಎರಡನೇ ಸಲ ವಾಂತಿ ಆಗಲಿಲ್ಲ. ಅವಳನ್ನ ವೈದ್ಯರಿಗೆ ತೋರಿಸಿ, ಅವರು ಬರೆದ ಗ್ಯಾಬಪೆಂಟಿನ್ನೂ ಒಂದು ಭಾನುವಾರ ಕೊಟ್ಟು ನೋಡಿದ್ವಿ.

ಹೊರಟಿದ್ದು ನಾಲ್ಕೂಕಾಲಿಗೆ. ಮದ್ದೂರು ದಾಟಿ ಕುಣಿಗಲ್‌ವರೆಗೆ ಒಂದೇ ಸಮ ಕೂಗು. ನಾನು ಪಕ್ಕದಲ್ಲಿ ಕೂತು ಸಣ್ಣಗೆ ಮಾತಾಡ್ತಾನೇ ಇದ್ದೆ. ತುಮಕೂರು ಆದ ಮೇಲೆ ಸುಮ್ಮನಾದಳು. ಆ ಮೌನಕ್ಕೆ ಕೂಗಿಗಿಂತ ಹೆಚ್ಚು ಹೆದರಿ ಬಟ್ಟೆ ಎತ್ತಿ ನೋಡಿದ್ರೆ ಸೀರೆ ಮಡಿಕೇಲಿ ಮುಖ ಹುದುಗಿಸಿ ಮಲಗಿದ್ದಾಳೆ. ಹಿರಿಯೂರು ಹತ್ರ ನಮ್ಮನೆಯವರು ಬಂಕಿಗೆ ತಿರುಗಿಸೋಕೆ ಇಂಡಿಕೇಟರ್ ಹಾಕಿದ್ರು. ನಂಗೆ ಚುಕ್ಕಿ ನೆನಪಾಯ್ತು, ಬೇಡ, ಮುಂದೆ ನಿಲ್ಲಿಸೋಣ ಅಂದೆ. ಚಿತ್ರದುರ್ಗ ದಾಟಿ ನಿಲ್ಲಿಸಿ, ಸೂಜಿ ಇಲ್ಲದ ಸಿರಿಂಜಲ್ಲಿ ಕಂಬಿ ಸಂದಿಯಿಂದಾನೇ ನೀರು ಹನಿಸಿದೆ. ನಾಲ್ಕು ಹನಿ ನೆಕ್ಕಿದಳು. ದಾವಣಗೆರೇಲಿ ದೋಸೆ ಪಾರ್ಸೆಲ್ ತಂದು ಒಬ್ಬರಾದ ಮೇಲೆ ಒಬ್ಬರು ಕಾರೊಳಗೇ ತಿಂದ್ವಿ. ಹಾವೇರಿ ಹತ್ರ ಒಂದ್ಸಲ ಒದ್ದೆ ಮಾಡಿಕೊಂಡಳು. ಲಾಕ್ ಹಾಕಿ, ಹಗ್ಗ ಕೈಗೆ ಸುತ್ತಿ ಬಟ್ಟೆ ಬದಲಿಸಿದೆ, ಕೈ ನಡುಗ್ತಾ ಇತ್ತು.

ಮನೆ ಸೇರಿದಾಗ ಒಂದೂವರೆ. ಸಣ್ಣ ರೂಮಲ್ಲಿ ಪೆಟ್ಟಿಗೆ, ಮಣ್ಣಿನ ಟ್ರೇ, ನೀರು ಇಟ್ಟು ಬಾಗಿಲು ಹಾಕಿದೆ. ರಾತ್ರಿ ಹನ್ನೊಂದರವರೆಗೆ ಹೊರಗೆ ಬರಲಿಲ್ಲ. ಮೂರು ಗಂಟೆಗೆ ತಟ್ಟೆ ಸದ್ದಾಯ್ತು. ಬೆಳಿಗ್ಗೆ ನೋಡಿದ್ರೆ ಅರ್ಧ ಖಾಲಿ.

ಕುವೆಂಪುನಗರ, ಮೈಸೂರು

ಉಂಡಳು ಅಂತ ಓದಿ ಈಗ ಜೀವ ಬಂತು. ಒಂದು ತಿಂಗಳು ಹೊರಗೆ ಬಿಡಬೇಡಿ, ಬೆಕ್ಕುಗಳು ಹಳೇ ಮನೆ ಹುಡುಕಿಕೊಂಡು ಹೊರಡ್ತವೆ. ಹೊಸ ಮನೆ ಕಿಟಕಿಗೆಲ್ಲ ಜಾಲರಿ ಇದೆಯಾ?