ಬೆಂಕಿಗೆ ಸಿಕ್ಕಿದ ಆರ್‌ಸಿಸಿ ಬೀಮಿನಲ್ಲಿ ಎಷ್ಟು ಬಲ ಉಳಿದಿರುತ್ತದೆ?

ಪ್ರಶ್ನೆ (ಬದಿಯಡ್ಕದಿಂದ)

ನಮ್ಮ ಅಡಿಕೆ ಗೋದಾಮಿನ ಕೆಳ ಅಂತಸ್ತಿನಲ್ಲಿ ಗೋಣಿಚೀಲಗಳ ರಾಶಿಗೆ ಹತ್ತಿದ ಬೆಂಕಿ ಆರುವಷ್ಟರಲ್ಲಿ ಸುಮಾರು ಎರಡು ಗಂಟೆ ಕಳೆದಿತ್ತು. ಮುರಕಲ್ಲಿನ ಗೋಡೆಗಳು ಮಸಿ ಹಿಡಿದದ್ದು ಬಿಟ್ಟರೆ ಗಟ್ಟಿಯಾಗಿಯೇ ಇವೆ. ಆದರೆ ಒಂದು ಬೀಮಿನ ತಳದ ಕಾಂಕ್ರೀಟು ಹಕ್ಕಳೆಯಾಗಿ ಉದುರಿ, ಒಂದು ಮಾರಿನಷ್ಟು ಉದ್ದಕ್ಕೆ ಕಂಬಿ ಕಾಣುತ್ತಿದೆ. ಸುತ್ತಲಿನ ಕಾಂಕ್ರೀಟು ನಸುಗೆಂಪಾಗಿದೆ. ಸಾರಣೆ ಮಾಡಿದರೆ ಸಾಕೆಂದು ಮೇಸ್ತ್ರಿ ಹೇಳುತ್ತಾರೆ. ಮಳೆಗಾಲಕ್ಕೆ ಮೊದಲು ಮಾಳಿಗೆಯಲ್ಲಿ ಮತ್ತೆ ಅಡಿಕೆ ಪೇರಿಸಬಹುದೇ?

ಉತ್ತರ (ಮಂಜೇಶ್ವರದಿಂದ, ಸಿವಿಲ್ ಎಂಜಿನಿಯರ್)

ದಯವಿಟ್ಟು ಈಗ ಸಾರಣೆ ಮಾಡಿಸಬೇಡಿ, ಏಕೆಂದರೆ ಪರೀಕ್ಷಿಸಬೇಕಾದ ಗುರುತುಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಮೊದಲು ಬೀಮಿಗೆ ಜ್ಯಾಕಿ ಕೊಟ್ಟು, ಮೇಲಿನ ಭಾರವನ್ನು ಇಳಿಸಿ.

ಆ ನಸುಗೆಂಪು ಬಣ್ಣವನ್ನು ಲಘುವಾಗಿ ಎಣಿಸಬಾರದು. ಜಲ್ಲಿ ಮತ್ತು ಮರಳಿನಲ್ಲಿರುವ ಕಬ್ಬಿಣದ ಅಂಶದಿಂದಾಗಿ ಕಾಂಕ್ರೀಟು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹೀಗೆ ಕೆಂಪಾಗುತ್ತದೆ, 600ರ ಮೇಲೆ ಬೂದುಬಿಳಿಗೆ ತಿರುಗುತ್ತದೆ. 300ರವರೆಗೆ ಅದರ ಬಲ ಅಷ್ಟಾಗಿ ಕುಗ್ಗುವುದಿಲ್ಲ. ಆಮೇಲೆ ಸಿಮೆಂಟಿನ ಅಂಟು ಒಣಗಿ ಬಿರಿಯುತ್ತ, 573 ಡಿಗ್ರಿಯಲ್ಲಿ ಕಲ್ಲಿನ ಕ್ವಾರ್ಟ್ಜ್ ಹರಳುಗಳು ಒಮ್ಮೆಲೇ ಹಿಗ್ಗಿ, 600ರ ಹೊತ್ತಿಗೆ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿದಿರುತ್ತದೆ. ಹೀಗೆ ಹೋದ ಬಲ ತಣಿದ ಮೇಲೂ ಮರಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಳಗೆ ಸುಟ್ಟ ಸುಣ್ಣವಾದ ಭಾಗ ಆರಿಸಲು ಹಾಕಿದ ನೀರನ್ನೂ ಗಾಳಿಯ ತೇವವನ್ನೂ ಹೀರಿ ಅರಳುವುದರಿಂದ, ವಾರಗಳ ನಂತರವೂ ಹೊಸ ಬಿರುಕುಗಳು ಕಾಣಬಹುದು.

ಕಾಂಕ್ರೀಟಿನಲ್ಲಿ ಶಾಖ ನಿಧಾನವಾಗಿ ಒಳಗೆ ಇಳಿಯುವುದರಿಂದ, ಉಳಿಯಿಂದ ಸ್ವಲ್ಪ ಸ್ವಲ್ಪವಾಗಿ ಕೆತ್ತಿಸಿ, ಕೆಂಪು ಎಷ್ಟು ಆಳದಲ್ಲಿ ನಿಲ್ಲುತ್ತದೆಂದು ಅಳೆಯಿರಿ. ಅದು ಕಂಬಿಯನ್ನು ದಾಟಿದ್ದರೆ ವಿಷಯ ಗಂಭೀರ, ಏಕೆಂದರೆ ಬೀಮು ಬಾಗುವಾಗ ನಡುಭಾಗದ ಎಳೆತವನ್ನು ತಾಳುವುದು ತಳದ ಕಂಬಿಗಳೇ. ಮೂಲೆಯ ಕಂಬಿಗಳಿಗಂತೂ ಎರಡು ಮುಖಗಳಿಂದ ಶಾಖ ತಗಲುತ್ತದೆ. ಉಕ್ಕು 600 ಡಿಗ್ರಿಯ ಸುಮಾರಿಗೆ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ತಣಿದಾಗ ಹೆಚ್ಚಿನ ಪಾಲು ಮರಳಬಹುದಾದರೂ, ಟಿಎಂಟಿ ಕಂಬಿಯ (ಕಾದಿರುವಾಗಲೇ ಹೊರಮೈಯನ್ನು ನೀರಿನಿಂದ ತಣಿಸಿ ಗಟ್ಟಿಮಾಡಿದ ಕಂಬಿ) ಗಟ್ಟಿ ಹೊರಪದರವು ಅದಕ್ಕಿಂತ ಹೆಚ್ಚು ಕಾಯ್ದು ಮೆತ್ತಗಾಗಿದ್ದರೆ ಆ ನಷ್ಟ ಶಾಶ್ವತ. ಬೀಮಿನ ತಳಕ್ಕೆ ದಾರ ಎಳೆದು ಬಾಗು ನೋಡಿ. ಸುಟ್ಟ ಬೀಮಿನಿಂದಲೂ ಬೆಂಕಿ ತಗಲದ ಬೀಮಿನಿಂದಲೂ ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ಉರುಳೆ) ತೆಗೆಸಿ ಬಲ ಹೋಲಿಸದೆ ಭಾರ ಹೇರುವುದಕ್ಕೆ ನಾನು ಒಪ್ಪಲಾರೆ.

ಉತ್ತರ (ಕುಂಬಳೆಯಿಂದ)

ಕಂಬಿಯ ಮೇಲಿನ ಕಾಂಕ್ರೀಟಿನ ಕವರ್ ಎಷ್ಟಿತ್ತೆಂಬುದನ್ನೂ ಅಳೆಯಿರಿ. ಕಾಂಕ್ರೀಟು ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456:2000ರ ಪ್ರಕಾರ ಒಂದೂವರೆ ಗಂಟೆಯ ಬೆಂಕಿಗೆ 20 ಮಿಲಿಮೀಟರ್ ಸಾಕು. ಎರಡು ಗಂಟೆಗಾದರೆ ಎರಡು ತುದಿಗಳಲ್ಲಿ ಮಾತ್ರ ಕುಳಿತ ಬೀಮಿಗೆ 40, ಹಲವು ಕಂಬಗಳ ಮೇಲೆ ಮುಂದುವರಿದ ಬೀಮಿಗೆ 30 ಬೇಕು. ಎರಡನೆಯ ಬಗೆಯಲ್ಲಿ ತಳದ ಕಂಬಿ ಸೋತಾಗ ಕಂಬಗಳ ಮೇಲಿನ ಕಂಬಿಗಳು ಸ್ವಲ್ಪ ಭಾರ ಹೊರುತ್ತವೆ.

ಪ್ರಶ್ನೆ ಕೇಳಿದವರಿಂದ

ತೋಟಕ್ಕೆಂದು ತಂದಿಟ್ಟಿದ್ದ ಪಿವಿಸಿ ಪೈಪುಗಳೂ ಅಲ್ಲೇ ಸುಟ್ಟಿವೆ. ಅದರಿಂದ ಬೇರೆ ತೊಂದರೆ ಇದೆಯೇ?

ಉತ್ತರ (ಮಂಜೇಶ್ವರದಿಂದ)

ಇದೆ. ಪಿವಿಸಿ ಸುಡುವಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಎದ್ದು ಕಾಂಕ್ರೀಟಿನ ಮೇಲೆ ಕ್ಲೋರೈಡಾಗಿ ಕೂರುತ್ತದೆ. ಅದು ಬಿರುಕುಗಳ ಮೂಲಕ ಕಂಬಿಗೆ ತಲುಪಿದರೆ ತುಕ್ಕು ಬೇಗ ಹಿಡಿಯುತ್ತದೆ. ರಿಪೇರಿಗೆ ಮೊದಲು ಬೇರೆಬೇರೆ ಆಳದಿಂದ ಡ್ರಿಲ್ಲಿನ ಪುಡಿ ತೆಗೆಸಿ ಕ್ಲೋರೈಡ್ ಪರೀಕ್ಷೆ ಮಾಡಿಸಿ, ಕೆಟ್ಟ ಪದರವನ್ನು ಪೂರ್ತಿ ಕೆತ್ತಿಸಿ ತೆಗೆಸಿರಿ.